ದಡ್ಡಿಯ ಮಳೆಗೆ ಮೂಡಲಗಿಯಲ್ಲಿ ನೀರು

ಮೂಡಲಗಿಯಲ್ಲಿ ಆ ದಿನ ಮಳೆ ಇರಲಿಲ್ಲ. ಆರಿದ್ರಾ ಮಳೆಯ ಮೋಡಗಳು ಪಶ್ಚಿಮದಿಂದ ಬಂದು, ಊರಿನ ಮೇಲೆ ಒಂದಿಷ್ಟು ನೆರಳು ಚೆಲ್ಲಿ, ನಿಲ್ಲದೆ ಮುಂದೆ ಹೋಗುತ್ತಿದ್ದವು. ಶಿವವ್ವ ಒಲೆಯ ಮೇಲೆ ಚಹಾಕ್ಕೆ ಇಟ್ಟು, ಮೊಬೈಲನ್ನು ಕಿಟಕಿಯ ಕಟ್ಟೆಗೆ ಒರಗಿಸಿ, ಬೆಳಗಿನ ದನಿಗಳನ್ನು ಒಂದೊಂದಾಗಿ ಕೇಳಿಸಿಕೊಂಡಳು.

‘ಗೋಕಾಕ. ಮೋಡ ಐತಿ, ಗಾಳಿ ಜೋರ. ಒಂದೆರಡು ಹನಿ ಬಿದ್ದು ಹೋದೂವು,’ ಅಂದಿತು ಒಂದು ದನಿ.

‘ಕೌಜಲಗಿ. ಬಿಸಲ. ನಿನ್ನೇದಾ,’ ಅಂದಿತು ಇನ್ನೊಂದು. ಅದು ಮಾಳಪ್ಪನದು. ವರ್ಷದ ಹೆಚ್ಚಿನ ದಿನಗಳಲ್ಲಿ ಕೌಜಲಗಿಯ ಮಾಳಪ್ಪ ಹೇಳುವುದು ಇದೇ ಮಾತು.

ಕೊನೆಗೆ ಬಂದದ್ದು ದಡ್ಡಿ ಎಂಬ ಊರಿನ ವಯಸ್ಸಾದ ಹೆಂಗಸಿನ ದನಿ. ಅದರ ಹಿಂದೆ ಹಂಚಿನಿಂದ ನೀರು ಸುರಿಯುವ ಸದ್ದು. ‘ದಡ್ಡಿ. ಜಡಿ ಮಳಿ. ರಾತ್ರೆಲ್ಲಾ ಹೊಡದೈತಿ, ಇನ್ನೂ ನಿಂತಿಲ್ಲ.’

ಶಿವವ್ವ ಒಲೆ ಸಣ್ಣ ಮಾಡಿ, ಎರಡು ಕೊಡಪಾನ ಹಿಡಿದು ಹಿತ್ತಲಿಗೆ ಹೋದಳು. ನಳದಲ್ಲಿ ನೀರು ಬಿಟ್ಟು ಕೆಲವು ದಿನವಾಗಿತ್ತು. ಟಾಕಿಯ ತಳದಲ್ಲಿ ಉಳಿದಿದ್ದನ್ನು ಚರಗಿಯಿಂದ ಮೊಗೆದು ಕೊಡಪಾನ ತುಂಬಿಸಿದಳು. ಹಿತ್ತಲ ಮೂಲೆಯಲ್ಲಿದ್ದ ಗುಲಾಬಿ ಗಿಡದ ಬುಡಕ್ಕೆ ಎರಡನ್ನೂ ಸುರಿದಳು. ದಡ್ಡಿಯಲ್ಲಿ ಮಳೆ ಬಂದರೆ ಮೂಡಲಗಿಯ ಈ ಗಿಡಕ್ಕೆ ನೀರು ಹಾಕಬೇಕು. ಅದು ಗಿಡ ಕೊಟ್ಟವರ ಮಾತು, ಇಸಕೊಂಡವರು ಒಪ್ಪಿದ ಮಾತು.

ಬಾಗಿ ಏಳುವಾಗ ಸೊಂಟ ಹಿಡಿದುಕೊಂಡಿತು. ಗೋಡೆಗೆ ಕೈ ಊರಿ ಸ್ವಲ್ಪ ಹೊತ್ತು ಹಾಗೆಯೇ ನಿಂತಳು. ಗಿಡದ ಕೆಳಗಿನ ಎಲೆಗಳು ಹಳದಿಯಾಗಿದ್ದವು. ನಿನ್ನೆಗಿಂತ ಹೆಚ್ಚು.

ಶಿವವ್ವನಿಗೆ ಐವತ್ತು ಸಮೀಪಿಸಿದೆ. ಬೆಳಿಗ್ಗೆ ಮನೆಯ ರೊಟ್ಟಿ, ಪಲ್ಯ ಮುಗಿಸಿ ಪಕ್ಕದ ಓಣಿಯ ಶಾಲೆಗೆ ಹೋಗುತ್ತಾಳೆ. ಅಲ್ಲಿ ಮಕ್ಕಳ ಬಿಸಿಯೂಟದ ಅಡುಗೆ ಅವಳದು. ಮಧ್ಯಾಹ್ನದ ದೊಡ್ಡ ಪಾತ್ರೆಗಳನ್ನು ತಿಕ್ಕಿಟ್ಟು ಮನೆಗೆ ಬಂದರೆ ಗಂಡ ಅಪ್ಪಣ್ಣನ ಹಿಟ್ಟಿನ ಗಿರಣಿ ಕಾಯುತ್ತಿರುತ್ತದೆ. ಗಿರಣಿ ಇರುವುದು ಮನೆಯ ಮುಂಭಾಗದಲ್ಲಿ. ಅವನು ಬೀಸುತ್ತಾನೆ, ಅವಳು ಡಬ್ಬಿಗಳನ್ನು ಎತ್ತಿ ಕೊಡುತ್ತಾಳೆ, ಇಳಿಸಿಕೊಳ್ಳುತ್ತಾಳೆ. ಸಂಜೆಯ ಹೊತ್ತಿಗೆ ಅವಳ ತಲೆ ಬೆಳ್ಳಗಾಗಿರುತ್ತದೆ. ಅದರಲ್ಲಿ ಹಿಟ್ಟು ಎಷ್ಟು, ವಯಸ್ಸು ಎಷ್ಟು ಎಂದು ಹೇಳುವುದು ಕಷ್ಟ ಎಂದು ಅಪ್ಪಣ್ಣ ಚೇಷ್ಟೆ ಮಾಡುತ್ತಾನೆ. ಅವಳ ತವರು ಕೌಜಲಗಿ. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಈ ಕಡೆಯ ರೂಢಿ. ಅದೇ ಹಬ್ಬಕ್ಕೆ ಉಂಡಿ ಕಟ್ಟಲು ಊರಿನ ಎಲ್ಲ ಮನೆಗಳಿಗೂ ಕಡಲೆ ಹಿಟ್ಟು ಬೇಕು. ಆ ವಾರ ಗಿರಣಿ ನಿಲ್ಲುವಂತಿಲ್ಲ. ಹಾಗಾಗಿ ಶಿವವ್ವ ಪಂಚಮಿಗೆ ತವರಿಗೆ ಹೋಗಿ ಬಹಳ ವರ್ಷವಾಗಿದೆ. ಹತ್ತಿರದ ಊರು, ಯಾವಾಗ ಬೇಕಾದರೂ ಹೋಗಬಹುದು ಎಂದುಕೊಂಡೇ ಹೋಗದೆ ಉಳಿದವಳು.

ಅವಳಿಗೆ ತನ್ನದು ಎಂದು ಇರುವುದು ಹಿತ್ತಲು. ಎಂಟು ಹೆಜ್ಜೆ ಹಾಕಿದರೆ ಮುಗಿಯುವ ಜಾಗ. ಅದರಲ್ಲಿ ಬದನೆ, ಮೆಣಸಿನಕಾಯಿ, ಕಾಕಡಾ, ಮರುಗ, ಹಳೆಯ ಎಣ್ಣೆ ಡಬ್ಬಿಗಳಲ್ಲಿ ಶುಂಠಿ. ಇದರಲ್ಲಿ ಅಂಗಡಿಯಿಂದ ತಂದದ್ದು ಕಡಿಮೆ. ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಮೂವತ್ತರಷ್ಟು ಮನೆಗಳ ನಡುವೆ ಟೊಂಗೆ, ಗಡ್ಡೆ, ಬೀಜಗಳು ಬಸ್ಸಿನಲ್ಲಿ ಓಡಾಡುತ್ತವೆ. ತೊಯ್ದ ಗೋಣಿಯ ತುಂಡಿನಲ್ಲಿ ಸುತ್ತಿ ಚಾಲಕನ ಸೀಟಿನ ಹಿಂದೆ ಇಟ್ಟು ಕಳಿಸಿದರೆ, ಆ ಕಡೆಯವರು ಬಂದು ಇಳಿಸಿಕೊಳ್ಳುತ್ತಾರೆ. ಶಿವವ್ವನ ಮಗಳು ಶಿವಾನಿ ಹುಕ್ಕೇರಿಯಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಅವಳೇ ಈ ಮನೆಗಳಿಗೆಲ್ಲ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಟ್ಟಳು. ಗುಂಪಿನ ಹೆಸರು ‘ಹಿತ್ತಲ ಮಂದಿ’. ಅಲ್ಲಿ ದೇವರ ಫೋಟೊ, ಶುಭೋದಯ ಯಾರೂ ಹಾಕುವುದಿಲ್ಲ. ಬೆಳಿಗ್ಗೆ ಎದ್ದವರು ಅಂಗಳಕ್ಕೆ ಬಂದು, ಕೈ ಚಾಚಿ ನೋಡಿ, ತಮ್ಮ ಊರಿನ ಹೆಸರು ಹೇಳಿ ಮಳೆ ಬಿಸಿಲು ಹೇಳಬೇಕು. ಅಷ್ಟೇ.

ಹೊರಗಿನವರಿಗೆ ಇದು ವಿನೋದ ಅನ್ನಿಸಬಹುದು. ಒಂದು ಹೊತ್ತಿನ ಬಸ್ ಪ್ರಯಾಣದೊಳಗೆ ಇರುವ ಊರುಗಳಿವು. ಆದರೆ ದಡ್ಡಿಯಲ್ಲಿ ಗೋಡೆಗೆ ಪಾಚಿ ಹಿಡಿಯುವ ದಿನ ಕೌಜಲಗಿಯಲ್ಲಿ ಹೊಲ ಬಾಯಿ ಬಿಟ್ಟುಕೊಂಡಿರುತ್ತದೆ. ದಡ್ಡಿಯದು ಮಸಾರಿ, ಕೆಂಪು ನೆಲ. ಗೋಕಾಕದ ಗುಡ್ಡದ ಬದಿಯದು ಕಲ್ಲು ಗರಸು. ಮೂಡಲಗಿಯದು ಎರೆ, ಕರಿ ಮಣ್ಣು. ಒಂದು ಊರಿನ ಗಿಡ ಇನ್ನೊಂದು ಊರಿಗೆ ಬಂದರೆ ಅದಕ್ಕೆ ಪರದೇಶವೇ.

ಇದೆಲ್ಲ ಶುರುವಾದದ್ದು ಶಿವವ್ವನ ಮಾವನ ಕಾಯಿಲೆಯಿಂದ. ಗೋಕಾಕದ ಒಂದು ದವಾಖಾನೆಯಲ್ಲಿ ಅವನನ್ನು ಮಲಗಿಸಿದ್ದರು. ಬಾಜೂ ಮಂಚದಲ್ಲಿ ದಡ್ಡಿಯ ಒಬ್ಬ ಮುದುಕ, ಅವನ ಕಾಲ ಹತ್ತಿರ ಹೆಂಡತಿ ಭರಮವ್ವ. ಆಗಲೇ ಅರವತ್ತು ದಾಟಿದ ಹೆಂಗಸು. ಒಂದು ಮುಂಜಾನೆ ಊರಿಗೆ ಹೋಗಿ ಬಂದ ಭರಮವ್ವನ ತುರುಬಿನಲ್ಲಿ ಒಂದು ಗುಲಾಬಿ ಇತ್ತು. ತೆಳು ಗುಲಾಬಿ ಬಣ್ಣ, ಬಿಡಿ ಬಿಡಿ ಎಸಳು, ನೋಡಲು ಅಂಥಾದ್ದೇನೂ ಅಲ್ಲ. ಫಿನಾಯಿಲಿನ ವಾಸನೆ ತುಂಬಿದ ಆ ಕೋಣೆಯಲ್ಲಿ ಅದರ ಪರಿಮಳ ಬಾಗಿಲವರೆಗೂ ಬಂತು.

‘ಈ ಹೂವ ಎಲ್ಲೀದ್ರಿ ಅಕ್ಕಾರ? ಪ್ಯಾಟಿ ಗುಲಾಬಿ ಹಿಂಗ ಘಮ್ಮ ಅನ್ನಾಂಗಿಲ್ಲ,’ ಎಂದು ಶಿವವ್ವ ಕೇಳಿದಳು.

‘ಜವಾರಿ ಗುಲಾಬಿ ತಂಗಿ. ನೀರಾಗ ಮುಣಗಿದ ಊರಿಂದು.’

ಹಿಡಕಲ್ಲಿನಲ್ಲಿ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಭರಮವ್ವನ ಗಂಡನ ಮನೆಯವರ ಹಳೆಯ ಊರು ಹಿನ್ನೀರಿಗೆ ಹೋಯಿತು. ಗಾಡಿಗಳಲ್ಲಿ ಕಾಳು, ಪಾತ್ರೆ, ಬಾಗಿಲ ಚೌಕಟ್ಟು ಹೇರಿದರು. ಅತ್ತೆ ಮಾತ್ರ ಹಿತ್ತಲ ಗುಲಾಬಿಯ ಒಂದು ಟೊಂಗೆ ಕತ್ತರಿಸಿ, ಅದರ ತುದಿಯನ್ನು ಸಗಣಿ ಮಣ್ಣಿನ ಉಂಡೆಗೆ ಚುಚ್ಚಿ, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ದಡ್ಡಿಗೆ ಬಂದಳು. ಅಂಥ ಗುಲಾಬಿ ಬೇರೆಲ್ಲೂ ಇಲ್ಲವೆಂದೇನಲ್ಲ. ಆದರೆ ಆ ಊರಿನದೆಂದು ಆ ಮನೆಯಲ್ಲಿ ಜೀವ ಇರುವ ವಸ್ತುವಾಗಿ ಉಳಿದದ್ದು ಅದೊಂದೇ.

ಶಿವವ್ವನ ಮಾವ ಉಳಿಯಲಿಲ್ಲ. ಭರಮವ್ವನ ಗಂಡ ಸುಧಾರಿಸಿಕೊಂಡು ಮನೆಗೆ ಹೋದ. ತಿಂಗಳು ಕಳೆದ ಮೇಲೆ ಮೂರು ಬಸ್ಸು ಬದಲಾಯಿಸಿ ಒಂದು ಟೊಂಗೆ ಮೂಡಲಗಿಗೆ ಬಂತು. ಹಿಂದೆಯೇ ಫೋನು.

‘ಕೇಳಿಲ್ಲೆ ಶಿವವ್ವಾ, ಹೆಣ್ಣ ಕೊಟ್ಟಾಂಗ ಕೊಟ್ಟೇನಿ. ಒಂದ ವರ್ಷ ಅದಕ್ಕ ತವರಮನಿ ಮಳಿ ಬೇಕು. ಇಲ್ಲಿ ಮಳಿ ಬಂದಾಗ ನಾ ಹೇಳ್ತೇನಿ, ನೀ ಅಲ್ಲಿ ನೀರ ಹಾಕು. ಇಲ್ಲಿ ಬಿಸಲಿದ್ದರ ಹಾಕಬ್ಯಾಡ.’

‘ವರ್ಷ ಆದ ಮ್ಯಾಲೆ?’

‘ಆಮ್ಯಾಲ ಅದು ನಿಮ್ಮೂರಿಂದು, ನಿಮ್ಮೂರ ಮಳಿ ಕುಡೀತೈತಿ. ಹೊಸಾ ಸೊಸಿ ಹಂಗ ಅಲ್ಲೇನ? ಮೊದಲ ವರ್ಷ ತವರಮನಿ ಸಾರ ನೆನಸಿ ಅಳ್ತಾಳ. ಮುಂದಿನ ವರ್ಷ ತವರಿಗೆ ಹೋಗಿ, ನಿಮ್ಮ ಸಾರಿಗೆ ಉಪ್ಪಿಲ್ಲ ಅಂತಾಳ.’

ಇನ್ನೂ ಎರಡು ಕಟ್ಟಳೆ ಇದ್ದವು. ಗಿಡ ಕೊಟ್ಟ ಮನೆ ತಾನಾಗಿ ಏನನ್ನೂ ವಾಪಸು ಕೇಳುವುದಿಲ್ಲ. ಇಸಕೊಂಡವರೇ ಪಂಚಮಿಗೆ ಆ ಗಿಡದ ಒಂದು ಟೊಂಗೆಯನ್ನು ತವರಿಗೆ ಕಳಿಸಬೇಕು. ಮತ್ತು ತವರಿನ ಒಪ್ಪಿಗೆ ಇಲ್ಲದೆ ಗಿಡವನ್ನು ಮೂರನೆಯ ಮನೆಗೆ ಕೊಡುವಂತಿಲ್ಲ. ಭರಮವ್ವ ಅರ್ಧ ಚೇಷ್ಟೆಗೆ ಹೇಳಿದ ಈ ಮಾತು ಗಿಡಗಳ ಜೊತೆಗೆ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಿ ಗುಂಪಿನ ರೂಢಿಯಾಯಿತು. ದಡ್ಡಿಯ ಅರಿಸಿನ ಗಡ್ಡೆಗೆ ಕೌಜಲಗಿಯಲ್ಲಿ ‘ತವರ ಮಳಿ’ ಸಿಕ್ಕಿತು. ಮಾಳಪ್ಪ ಕೊಟ್ಟ ಲೋಳಸರವನ್ನು ದಡ್ಡಿಯಲ್ಲಿ ಭರಮವ್ವ ಮಳೆಗಾಲವೆಲ್ಲ ಜಂತಿಗೆ ತೂಗುಹಾಕಿದಳು, ಅದರ ತವರಿನಲ್ಲಿ ಬಿಸಿಲು ಇತ್ತಲ್ಲ. ಹೆಚ್ಚಿನ ಗಿಡಗಳು ಬದುಕಿದವು. ಗುಲಾಬಿಯೂ ಮೂಡಲಗಿಯಲ್ಲಿ ಸೊಂಟದ ಎತ್ತರ ಬೆಳೆದು ವರ್ಷವರ್ಷ ಹೂ ಕೊಟ್ಟಿತು.

ಹೋದ ವರ್ಷ ಶ್ರಾವಣದಲ್ಲಿ ಘಟಪ್ರಭಾ ತುಂಬಿ ಬಂತು. ಹಿನ್ನೀರು ಏರಿ ಭರಮವ್ವನ ಹಿತ್ತಲೊಳಗೆ ನಿಂತಿತು. ನೀರು ಇಳಿದಾಗ ಹಿಂಬದಿ ಗೋಡೆ ಇರಲಿಲ್ಲ. ಗುಲಾಬಿ ಇದ್ದ ಜಾಗದಲ್ಲಿ ಹೂಳು ಮೆತ್ತಿದ ಒಂದು ಕಡ್ಡಿ ಇತ್ತು. ಆ ಪಂಚಮಿಗೆ ಯಾರೂ ಎಲ್ಲಿಗೂ ಟೊಂಗೆ ಕಳಿಸಲಿಲ್ಲ. ಚಳಿಗಾಲದಲ್ಲಿ ಶಿವವ್ವನೇ ಕೇಳಿದಳು, ಕಳಿಸಲೇ ಎಂದು.

‘ಗ್ವಾಡಿ ಎದ್ದಿಲ್ಲ, ಹಿತ್ತಲ ತುಂಬ ಇಟ್ಟಂಗಿ ಅದಾವು,’ ಅಂದಳು ಭರಮವ್ವ. ‘ಬರೂ ಪಂಚಮಿಗೆ ಬರಲಿ. ಹೆಣ್ಣಮಗಳು ಬರೂದು ಪಂಚಮಿಗೇ ಅಲ್ಲ?’

ಅಲ್ಲಿಗೆ ಮುಳುಗಿದ ಊರಿನ ಗುಲಾಬಿ ಉಳಿದಿದ್ದು ಮೂಡಲಗಿಯಲ್ಲಿ, ಹಿಟ್ಟಿನ ಗಿರಣಿಯ ಹಿಂದೆ ಮಾತ್ರ.

ಈ ವರ್ಷ ಬೇಸಿಗೆಯಲ್ಲಿ ಅಪ್ಪಣ್ಣ ಖಾರ ಕುಟ್ಟುವ ಯಂತ್ರ ತರಲು ನಿಶ್ಚಯಿಸಿದ. ಗಿರಣಿಯ ಹಿಂದಿನ ಶೆಡ್ಡನ್ನು ಸ್ವಲ್ಪ ಹಿತ್ತಲ ಕಡೆಗೆ ಎಳೆಯಬೇಕಿತ್ತು. ಎಳೆದರೆ ಗುಲಾಬಿಯ ಮೇಲೆ ಬರುತ್ತಿತ್ತು.

‘ಅದನ್ನ ಒಂಚೂರ ಸರಸು,’ ಅಂದ ಅಪ್ಪಣ್ಣ.

‘ಗಿಡ ಅಂದ್ರ ಕುರ್ಚಿ ಏನ್ರಿ, ಸರಸಾಕ?’

‘ನನ್ನ ಸರಸಂದ್ರ ಸರಸ್ತೀ. ಅದನ್ನ ಸರಸಾಕ ಆಗೂದಿಲ್ಲೇನ?’

ಜಗಳ ಆಡಬಹುದಿತ್ತು. ಶಿವವ್ವನಿಗೆ ಅದಕ್ಕೂ ತ್ರಾಣ ಇರಲಿಲ್ಲ. ಗಿಡ ಮೊದಲು ಇದ್ದದ್ದು ಎಂದೋ ಬಿದ್ದ ಗೋಡೆಯ ಕಲ್ಲು ಮಣ್ಣಿನ ದಿಬ್ಬದ ಮೇಲೆ. ಪಾಪ, ಕಲ್ಲಿನಲ್ಲಿ ಬೆಳೆದಿದೆ ಎಂದು ಅವಳಿಗೆ ಮೊದಲಿನಿಂದಲೂ ಅನ್ನಿಸುತ್ತಿತ್ತು. ಹೊಸ ಜಾಗದಲ್ಲಿ ಮೊಣಕಾಲುದ್ದ ಕುಣಿ ತೋಡಿದಳು, ಒಂದು ಕಲ್ಲನ್ನೂ ಬಿಡದೆ ಆರಿಸಿದಳು, ಸೋಸಿದ ಎರೆಮಣ್ಣಿಗೆ ತಿಪ್ಪೆ ಗೊಬ್ಬರ ಬೆರೆಸಿ ತುಂಬಿದಳು. ಗಿಡವನ್ನು ಬೇರಿನ ಮಣ್ಣಿನ ಸಮೇತ ಎತ್ತಿ ಕೂರಿಸಿದಳು. ಆಮೇಲೆ ಭರಮವ್ವನಿಗೆ ಫೋನು ಮಾಡಿ ಹೇಳಿದಳು.

‘ಹಂಗಾರ ಮತ್ತೊಮ್ಮೆ ಮದಿವಿ ಆದಾಂಗಾತು,’ ಅಂದಳು ಭರಮವ್ವ. ‘ಮಿರಗ ಕೂಡಿದ ದಿನದಿಂದ ನನ್ನ ಮಳಿ ಕೊಡು. ಹೊಸಾದಕ್ಕ ಕೊಟ್ಟಾಂಗ ಕೊಡು.’

ಹೀಗಾಗಿ ಮೃಗಶಿರಾ ಮಳೆ ಕೂಡುವ ಜೂನಿನಿಂದ ಶಿವವ್ವ ದಡ್ಡಿಯ ಮಳೆ ಹೊರುತ್ತಿದ್ದಳು. ದಡ್ಡಿಯಲ್ಲಿ ಮಳೆ ಬಿಡುವೇ ಕೊಡಲಿಲ್ಲ. ಎರೆಮಣ್ಣಿಗೆ ಹೆಚ್ಚು ನೀರು ಆಗದು ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ತನ್ನ ಬದನೆಗೆ ಅವಳು ಹಾಗೆ ಸುರಿಯುವವಳಲ್ಲ. ಆದರೆ ಈ ಗಿಡ ಮೂಡಲಗಿಯ ಲೆಕ್ಕದಲ್ಲಿ ಇರಲಿಲ್ಲ. ಹಿಂದೆ ಒಂದು ವರ್ಷ ಹೀಗೆಯೇ ಸುರಿದಿದ್ದಳು, ಅದು ಚಿಗುರಿ ನಿಂತಿತ್ತು. ಆಗ ಆ ನೀರನ್ನೆಲ್ಲ ಬಸಿದುಬಿಟ್ಟದ್ದು ಬುಡದಲ್ಲಿದ್ದ ಹಳೆಯ ಗೋಡೆಯ ಕಲ್ಲುಗಳು ಎಂಬುದು ಅವಳಿಗೂ ಹೊಳೆಯಲಿಲ್ಲ, ಕಲ್ಲು ಕಾಣದ ಭರಮವ್ವನಿಗೂ ಹೊಳೆಯಲಿಲ್ಲ.

ಎಲೆ ಹಳದಿಯಾದಾಗ ಫೋನು ಮಾಡಿದಳು. ‘ಬಾಡಿದಾಂಗ ಕಾಣತೈತಿ ಅಕ್ಕಾ.’

‘ನೀರ ಸಾಲವಲ್ದು. ಎಷ್ಟ ಹಾಕ್ತಿ?’

‘ಎಲ್ಡ ಕೊಡಪಾನ.’

‘ಇಲ್ಲಿ ಮಳಿ ಕೊಡಪಾನ ಎಣಿಸಿ ಬೀಳತೈತೇನ? ಇನ್ನೊಂದ ಹಾಕು.’

ಶಿವವ್ವ ಮೂರನೆಯದನ್ನೂ ಹಾಕತೊಡಗಿದಳು.

ಪಂಚಮಿಗೆ ಒಂದು ವಾರ ಇದ್ದಾಗ ಗಿರಣಿಯ ಮೋಟರ್ ಸುಟ್ಟಿತು. ಅದನ್ನು ಗೋಕಾಕಕ್ಕೆ, ಪರಶುರಾಮನ ಅಂಗಡಿಗೆ ಕಳಿಸಿದರು. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು. ನದಿ ಏರಿದ ವರ್ಷಗಳಲ್ಲಿ ನೀರು ಹೊಕ್ಕ ಪಂಪುಗಳೆಲ್ಲ ಅವನ ಬಾಗಿಲಿಗೆ ಬರುತ್ತವೆ, ಅವನಿಗೆ ಊಟಕ್ಕೂ ಹೊತ್ತು ಸಿಗುವುದಿಲ್ಲ. ಅವನೂ ಹಿತ್ತಲ ಮಂದಿಯಲ್ಲಿ ಒಬ್ಬ. ಬೆಳಗಿನ ಗೋಕಾಕದ ದನಿ ಅವನದೇ. ಹಬ್ಬದ ವಾರವೆಂದು ಅವನು ತಾನೇ ಮೋಟರ್ ತಂದು ಕೂರಿಸಿದ. ಕೈ ತೊಳೆಯಲು ಹಿತ್ತಲಿಗೆ ಬಂದವನು ಗುಲಾಬಿಯ ಮುಂದೆ ನಿಂತ.

‘ಇದಾ ಏನ್ರಿ ಅಕ್ಕಾರ, ಭರಮವ್ವನ ಮಗಳು?’

‘ಹೂಂ. ಯಾಕೋ ಕುಡದಷ್ಟೂ ಬಾಯಾರಕಿ.’

ಪರಶುರಾಮ ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು ಬುಡದ ಮಣ್ಣಿಗೆ ಹಿಡಿಯವರೆಗೂ ಇಳಿಸಿ ಎಳೆದ. ತೂತಿನಲ್ಲಿ ನೀರು ಮೇಲೆದ್ದು ನಿಂತಿತು. ಸ್ಕ್ರೂಡ್ರೈವರನ್ನು ಮೂಸಿ ನೋಡಿ ಅವಳ ಕಡೆ ಚಾಚಿದ. ಮೋರಿಯ ವಾಸನೆ.

‘ಇದು ಬಾಯಾರಿಲ್ರಿ. ಮುಣಗೇತಿ.’

‘ದಡ್ಡ್ಯಾಗ ಇವತ್ತೂ ಜಡಿ ಐತಲ್ಲ.’

‘ಐತ್ರಿ. ಆದರ ಇದು ದಡ್ಡ್ಯಾಗಿಲ್ಲ.’

‘ಮಾತ ಕೊಟ್ಟೇನಿ ತಮ್ಮಾ.’

‘ಯಾರಿಗೆ? ಭರಮವ್ವಗೋ, ಗಿಡಕ್ಕೋ?’

ಒಳಗಿನಿಂದ ಅಪ್ಪಣ್ಣ ಕೂಗಿದ: ‘ಪರಶುರಾಮಾ, ಗಿಡ ಬಿಟ್ಟು ಮೋಟರ್ ನೋಡ ಬಾರಪಾ. ಅದಕ್ಕೂ ದಿನಾ ಮೂರ ಕೊಡಪಾನ ಹಾಕ್ಯಾಳೋ ಏನೋ.’

‘ನಿಮಗ ಹಾಕಬೇಕಾಗಿತ್ತು,’ ಅಂದಳು ಶಿವವ್ವ. ‘ಸರಸು ಅಂದವರು ಯಾರು?’

ಹೊರಡುವ ಮುಂದೆ ಪರಶುರಾಮ ಚಪ್ಪಲಿ ಮೆಟ್ಟುತ್ತ ಒಂದು ಮಾತು ಹೇಳಿದ. ‘ಹಸರ ಇರೂ ತನಕ ಟೊಂಗಿ ಕತ್ತರಿಸಿಕೊಳ್ರಿ. ನಮ್ಮ ಮನಿ ಹಿಂದ ಬರೇ ಗರಸು. ಹಾಕಿದ ನೀರ ಗುಡ್ಡದ ಕೆಳಗ ಹೋಗಿ ನಿಲ್ಲತೈತಿ. ನಾ ಕೇಳಾಕತ್ತಿಲ್ಲ ಮತ್ತ, ಬರೇ ಹೇಳಾಕತ್ತೇನಿ.’

ಮರುದಿನ ಬೆಳಿಗ್ಗೆ ದಡ್ಡಿಯಿಂದ ಮತ್ತೆ ಜಡಿ ಮಳೆ. ಶಿವವ್ವ ಅಭ್ಯಾಸದಂತೆ ಕೊಡಪಾನ ತುಂಬಿಸಿ, ಗಿಡದವರೆಗೆ ಹೊತ್ತು ಹೋಗಿ, ಕೆಳಗಿಟ್ಟಳು. ಸುರಿಯಲಿಲ್ಲ. ಗುದ್ದಲಿ ತಂದು ಬದಿಯಿಂದ ಕೆದಕಿದಳು. ಅವಳು ಕಲ್ಲು ಆರಿಸಿ ಮಾಡಿದ ಕುಣಿ ಬಾನಿಯ ಹಾಗೆ ನೀರು ಹಿಡಿದುಕೊಂಡಿತ್ತು. ಬೇರು ಕರ್ರಗಾಗಿತ್ತು, ಬೆರಳಲ್ಲಿ ಹಿಡಿದರೆ ಸಿಪ್ಪೆ ಜಾರಿ ನಾರು ಕೈಗೆ ಬಂತು. ಗೋಡೆಯ ಕಡೆ ವಾಲಿದ ಒಂದು ಕೊಂಬೆ ಮಾತ್ರ ಉಗುರಿನಿಂದ ಕೆರೆದರೆ ಹಸಿರು ತೋರಿಸಿತು. ಅದರಿಂದ ಮೂರು ತುಂಡು ಸಿಕ್ಕವು.

ಮೂರನ್ನೂ ನೀರಿನ ಚರಗಿಯಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ಕುಂಡದಲ್ಲಿ ಮರಳು ಹಾಕಿ ಇಲ್ಲಿಯೇ ಹಚ್ಚಬಹುದಿತ್ತು. ಆದರೆ ಹಬ್ಬದ ವಾರ. ಶಾಲೆ, ಗಿರಣಿ, ಕಡಲೆ ಹಿಟ್ಟು. ತನ್ನ ಕೈಯನ್ನು ತಾನೇ ನಂಬುವ ಸ್ಥಿತಿಯಲ್ಲಿ ಅವಳು ಇರಲಿಲ್ಲ. ಒಂದೊಂದನ್ನು ಒಂದೊಂದು ಕಡೆ ಕಳಿಸಿದರೆ ಯಾವ ಕಡೆಯೂ ಖಾತ್ರಿ ಇಲ್ಲ. ಮೂರರಲ್ಲಿ ಒಂದು ಬೇರು ಬಿಟ್ಟು ಹತ್ತಿದರೆ ಪುಣ್ಯ. ಕಟ್ಟಳೆಯ ಪ್ರಕಾರ ಪಂಚಮಿಗೆ ಟೊಂಗೆ ಹೋಗಬೇಕಾದದ್ದು ದಡ್ಡಿಗೆ. ದಡ್ಡಿಯ ಹಿತ್ತಲು ಮೊದಲಿನದಾಗಿದ್ದರೆ ಅವಳು ಎರಡನೆಯ ಯೋಚನೆ ಮಾಡುತ್ತಿರಲಿಲ್ಲ. ಆದರೆ ಅಲ್ಲಿಯ ಕೆಂಪು ನೆಲದ ಮೇಲೆ ಹೋದ ವರ್ಷದ ಹಿನ್ನೀರು ಹೂಳಿನ ಪದರು ಬಿಟ್ಟು ಹೋಗಿತ್ತು. ಈ ಮಳೆಗಾಲದಲ್ಲಿ ಚೆಂಡು ಹೂವಿನ ಸಸಿಗಳು ಎರಡು ಸಲ ಕೊಳೆತವೆಂದು ಭರಮವ್ವನೇ ಗುಂಪಿನಲ್ಲಿ ಹೇಳಿದ್ದಳು.

ಶಾಲೆಗೆ ಹೊತ್ತಾಗುತ್ತಿತ್ತು. ಶಿವವ್ವ ಫೋನು ಹಚ್ಚಿದಳು.

‘ಅಕ್ಕಾ, ಬೇರ ಕೊಳತಾವು.’

ಗುದ್ದಲಿಗೆ ಅಂಟಿದ ಕರಿ ಬೇರನ್ನು ಬಿಡಿಸುತ್ತ ಶಿವವ್ವ ಮುಂದುವರಿಸಿದಳು.

‘ನೀರ ಹೆಚ್ಚಾತು. ನಾನಾ ಹಾಕಿದ್ದು.’

‘ಹಾಕು ಅಂದಾಕಿ ನಾನು,’ ಅಂದಳು ಭರಮವ್ವ. ‘ಎಷ್ಟ ಉಳದೈತಿ?’

‘ಮೂರ ಟೊಂಗಿ.’

‘ಮೂರೂ ಕಳಸು. ಗ್ವಾಡಿ ಎದ್ದೈತಿ, ಜಾಗಾ ಮಾಡಿಟ್ಟೇನಿ. ಪಂಚಮಿಗೆ ಬರ್ತಾವು.’

‘ಅಲ್ಲಿ ಮಳಿ ಕಡಿಮಿ ಆಗೇತೇನ?’

‘ಶ್ರಾವಣದಾಗ ದಡ್ಡ್ಯಾಗ ಮಳಿ ಕಡಿಮಿ ಆಗತೈತೇನ, ಹುಚ್ಚಿ?’

‘ಹತ್ತಾಂಗಿಲ್ಲ ಅಕ್ಕಾ. ನಿಮ್ಮ ಚೆಂಡ ಹೂವ ಹತ್ತಿದೂವೇನ? ಹೂಳಿನಾಗ ಇವೂ ಕೊಳೀತಾವು.’

‘ನಮ್ಮತ್ತಿ ತೊಡಿ ಮ್ಯಾಲೆ ಇಟಗೊಂಡ ತಂದು ಇದಾ ಹಿತ್ತಲದಾಗ ಹಚ್ಚಿದ್ದು.’

‘ಆ ಹಿತ್ತಲ ಈಗ ಎಲ್ಲೈತಿ ಅಕ್ಕಾ?’

ಅಂದ ಮೇಲೆ ಶಿವವ್ವನಿಗೆ ಅನ್ನಬಾರದಿತ್ತು ಅನ್ನಿಸಿತು. ಅಂದಾಗಿತ್ತು. ಉಳಿದ ಮಾತನ್ನೂ ಹೇಳಿ ಮುಗಿಸಿದಳು. ‘ಗೋಕಾಕಕ್ಕ ಕೊಡ್ಲೇನು? ಪರಶುರಾಮಂದು ಗರಸ ನೆಲ. ಅಲ್ಲಿ ನೀರ ನಿಲ್ಲಾಂಗಿಲ್ಲ.’



‘ಪಂಚಮಿಗೆ ತವರ ಬಿಟ್ಟು ಮಂದಿ ಮನಿಗೆ,’ ಅಂದಳು ಭರಮವ್ವ. ದನಿಯಲ್ಲಿ ಸಿಟ್ಟು ಇರಲಿಲ್ಲ. ‘ನಿನ್ನ ಕೈಯಾಗ ಐತಿ. ನನ್ನ ಕೇಳಬ್ಯಾಡ.’

ಫೋನು ನಿಂತಿತು. ಒಪ್ಪಿದಳೋ ಬಿಟ್ಟಳೋ ತಿಳಿಯುವ ಹಾಗಿರಲಿಲ್ಲ. ಶಿವವ್ವ ಹಳೆಯ ಸೀರೆಯ ತುಂಡು ನೆನೆಸಿ ಹಿಂಡಿ, ಮೂರು ಟೊಂಗೆಗಳನ್ನು ಅದರಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿದಳು. ಬಸ್ ನಿಲ್ದಾಣದಲ್ಲಿ ಗೋಕಾಕದ ಬಸ್ಸು ನಿಂತಿತ್ತು. ಕಂಡಕ್ಟರಿಗೆ ಅವಳ ಗಂಟುಗಳ ಗುರುತಿದೆ.

‘ಏನ್ರಿ ಅಕ್ಕಾರ, ಇವತ್ತರ ಇವಕ್ಕ ಟಿಕೆಟ್ ತಗಸ್ತೀರಿ ಇಲ್ಲೋ?’

‘ಮೂರ ಅರ್ಧಾ ಟಿಕೆಟ್ ಹರೀರಿ,’ ಅಂದಳು ಶಿವವ್ವ. ನಗಲಿಲ್ಲ. ಬಸ್ಸು ಹೊರಳುವವರೆಗೆ ಕಾಯಲೂ ಇಲ್ಲ. ಶಾಲೆಯಲ್ಲಿ ಬೇಳೆ ಬೇಯಿಸಲು ಇಡಬೇಕಿತ್ತು.

ಮರುದಿನ ದಡ್ಡಿಯ ದನಿ ಬರಲಿಲ್ಲ. ಅದರ ಮರುದಿನವೂ ಇಲ್ಲ.

‘ಕೌಜಲಗಿ. ಬಿಸಲ. ನಿನ್ನೇದಾ,’ ಅಂದ ಮಾಳಪ್ಪ, ಮತ್ತೆ ಸೇರಿಸಿದ, ‘ದಡ್ಡಿಯವರು ಯಾಕ ಸುಮ್ಮನದಾರ? ಮಳಿ ತೀರತೇನ್ರಿ?’ ಪರಶುರಾಮ ಗೋಕಾಕದ ಗಾಳಿಯ ಸುದ್ದಿ ಹೇಳಿದ, ಗುಲಾಬಿಯ ಸುದ್ದಿ ಎತ್ತಲಿಲ್ಲ. ಗುಂಪಿನಲ್ಲಿ ಹೇಳಿದರೆ ಅದು ಮೂರನೆಯ ಮನೆಗೆ ಹೋದದ್ದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಹಬ್ಬದ ವಾರ ಗಿರಣಿ ಬಿಡುವಿಲ್ಲದೆ ತಿರುಗಿತು. ಹೆಂಗಸರು ಹುರಿದ ಕಡಲೆ ಬೇಳೆಯ ಡಬ್ಬಿಗಳನ್ನು ಸಾಲಾಗಿ ಇಟ್ಟು ಹೋದರು. ಅವರಲ್ಲಿ ತವರಿಗೆ ಬಂದವರು ಇದ್ದರು, ತವರಿಗೆ ಹೋಗಲು ಉಂಡಿ ಕಟ್ಟುವವರೂ ಇದ್ದರು. ಶಿವವ್ವ ಡಬ್ಬಿ ಎತ್ತಿದಳು, ಇಳಿಸಿದಳು. ಪಂಚಮಿಯ ದಿನ ಶಿವಾನಿ ಹುಕ್ಕೇರಿಯಿಂದ ಬಂದಳು. ಬರುವಾಗ ದಾರಿಯಲ್ಲಿ ಮಳೆ ಎಂದಳು. ತಾಯಿಯನ್ನು ಮಣೆಯ ಮೇಲೆ ಕೂರಿಸಿ ಮೊಣಕಾಲಿಗೆ ಎಣ್ಣೆ ತಿಕ್ಕಿದಳು.

‘ಯವ್ವಾ, ಗುಲಾಬಿ ಎಲ್ಲಿ?’

‘ಹೋತು.’

ಶಿವಾನಿ ಹಿತ್ತಲಿಗೆ ಹೋಗಿ ನೋಡಿ ಬಂದಳು. ಮೂಲೆಯಲ್ಲಿ ಕುಣಿ ಇತ್ತು, ಅದರಲ್ಲಿ ಇನ್ನೂ ನೀರು ಇತ್ತು. ಮಗಳು ಮತ್ತೆ ಎಣ್ಣೆಯ ಬಟ್ಟಲು ಎತ್ತಿಕೊಂಡಳು. ಅಪ್ಪಣ್ಣ ಅಂದು ಗಿರಣಿಯಿಂದ ಬಂದವನು ಊಟಕ್ಕೆ ಕೂತು, ಉಂಡಿ ಮುರಿಯುತ್ತ, ಯಾರನ್ನೂ ನೋಡದೆ ಹೇಳಿದ: ‘ಆ ಖಾರದ ಮಶಿನ್ ಮುಂದಿನ ವರ್ಷ ತಂದ್ರೂ ನಡೀತಿತ್ತು.’ ಅದು ಅವನ ಮಟ್ಟಿಗೆ ದೊಡ್ಡ ಮಾತು. ಶಿವವ್ವ ಅವನ ತಾಟಿಗೆ ಇನ್ನೊಂದು ಉಂಡಿ ಹಾಕಿದಳು.

ಶ್ರಾವಣ ಅರ್ಧ ಕಳೆದರೂ ದಡ್ಡಿಯ ದನಿ ಬಂದಿರಲಿಲ್ಲ. ಒಂದು ಸಂಜೆ ಪರಶುರಾಮ ಫೋಟೊ ಕಳಿಸಿದ. ಗುಂಪಿಗಲ್ಲ, ಶಿವವ್ವನಿಗೆ. ಗರಸಿನಲ್ಲಿ ಮೂರು ಕಡ್ಡಿಗಳು. ಎರಡು ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದವು. ಮೂರನೆಯದರ ಗೆಣ್ಣಿನ ಹತ್ತಿರ ಅಕ್ಕಿ ಕಾಳಿನಷ್ಟು ಕೆಂಪು ಮೊಳಕೆ. ಕೆಳಗೆ ಅವನ ದನಿ: ‘ಇಷ್ಟ ಐತ್ರಿ. ಹತ್ತೇತಿ ಅಂತ ಈಗಾ ಹೇಳಾಕ ಬರೂದಿಲ್ಲ. ಆದರ ಜೀವ ಐತಿ.’

ಶಿವವ್ವ ಅದನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು, ಚಿಕ್ಕದು ಮಾಡಿದಳು. ಆಮೇಲೆ ಒಂದು ಮಾತನ್ನೂ ಸೇರಿಸದೆ ಭರಮವ್ವನಿಗೆ ಕಳಿಸಿದಳು. ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ. ಗಿರಣಿ ಮುಚ್ಚಿ ಮಲಗುವವರೆಗೂ ಬರಲಿಲ್ಲ.

ಮರುದಿನ ಅವಳು ಮನೆಯಲ್ಲಿ ಫೋನು ನೋಡಲೇ ಇಲ್ಲ. ಶಾಲೆಯ ಅಡುಗೆ ಕೋಣೆಯಲ್ಲಿ ಅಕ್ಕಿ ತೊಳೆಯಲು ಕೂತಾಗ ಬೆಳಗಿನ ದನಿಗಳನ್ನು ಹಾಕಿದಳು. ಗೋಕಾಕ, ಮೋಡ. ಕೌಜಲಗಿ, ನಿನ್ನಿನದೇ. ಮೂರನೆಯದರಲ್ಲಿ ಮೊದಲು ಹಂಚಿನ ನೀರಿನ ಸದ್ದು ಕೇಳಿಸಿತು, ಆಮೇಲೆ ಕೆಮ್ಮು.

‘ದಡ್ಡಿ,’ ಅಂದಳು ಭರಮವ್ವ. ‘ಜಡಿ ಮಳಿ. ನಿಲ್ಲವಲ್ದು. ಪರಶುರಾಮಾ, ಕೇಳಾಕತ್ತೀಯೇನ? ಗಿಡಕ್ಕ ಹೇಳಬ್ಯಾಡ. ಅದು ನಿಮ್ಮೂರ ಮಳಿನಾ ಕುಡೀಲಿ.’

ಮಾಳಪ್ಪನಿಗೆ ಏನೂ ತಿಳಿಯಲಿಲ್ಲ. ಯಾವ ಗಿಡ, ಯಾರ ಗಿಡ ಎಂದು ಅವನು ಕೇಳುತ್ತಲೇ ಇದ್ದ. ಶಿವವ್ವ ಫೋನನ್ನು ಬೇಳೆಯ ಡಬ್ಬಿಯ ಮೇಲಿಟ್ಟು, ಅಕ್ಕಿ ತೊಳೆದ ನೀರನ್ನು ಮೋರಿಗೆ ಬಗ್ಗಿಸಿ, ಇನ್ನೊಂದು ಸಲ ತೊಳೆಯಲು ನಳ ತಿರುಗಿಸಿದಳು.